ಮಲೆನಾಡಿನ ಮನಸ್ಸನ್ನು ಅಳೆಯುವ ಮುನ್ನ

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಸ್ಪತ್ರೆಗಳಿಗೆ ಮನೋವ್ಯಾಧಿಗಾಗಿ ಬರುವವರ ಸಂಖ್ಯೆ ಇಳಿಯಿತೆನ್ನಿ. ಜನರ ದುಗುಡ ತಗ್ಗಿತೆಂದು ತೀರ್ಮಾನಿಸಬಹುದೇ? ಅಡಿಕೆಗೆ ಕೊಳೆರೋಗ ತಗಲುವುದೂ ಒಂಟಿ ಮನೆಗಳಿಂದ ಪೇಟೆಗೆ ಬರುವ ದಾರಿ ದುರ್ಗಮವಾಗುವುದೂ ಅದೇ ತಿಂಗಳುಗಳಲ್ಲಿ. ಆಸ್ಪತ್ರೆಯ ದಾಖಲೆ ಬಂದವರನ್ನು ಎಣಿಸುತ್ತದೆಯೇ ಹೊರತು ನೊಂದವರನ್ನಲ್ಲ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗಳಿಗನುಗುಣವಾಗಿ ಚಿಕಿತ್ಸೆ ದೊರೆಯದವರ ಪ್ರಮಾಣ ಶೇ 70ರಿಂದ 92. ಆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಪ್ರಾಯೋಗಿಕ ಅಧ್ಯಯನವಷ್ಟೇ ಕೋಲಾರದಲ್ಲಿ ನಡೆದಿತ್ತು. ಕೋಲಾರದ ಬಯಲಿಗೂ ಈ ಕಾಡಿನ ಕಣಿವೆಗಳಿಗೂ ಇರುವ ಅಂತರವನ್ನು ವಿವರಿಸಬೇಕಿಲ್ಲ.

ಔಷಧ ಪರೀಕ್ಷೆಯಂತೆ ಇಲ್ಲಿ ಚೀಟಿ ಎತ್ತಿ ಜನರನ್ನು ವಿಂಗಡಿಸಲಾಗದು. ಯಾರ ತೋಟಕ್ಕೂ ರೋಗ ಹಚ್ಚಲಾಗದು. ನಡೆದುದನ್ನು ನಡೆದಂತೆ ಗಮನಿಸುವ ವೀಕ್ಷಣಾ ಅಧ್ಯಯನವೊಂದೇ ದಾರಿ. ಆದ್ದರಿಂದಲೇ ಅದರ ವಿನ್ಯಾಸ ಮುಖ್ಯ. ಬೆಳೆ ಕಳೆದುಕೊಂಡವರಲ್ಲಿ ಖಿನ್ನತೆ ಹೆಚ್ಚೆಂದು ಕಂಡರೂ, ಮೊದಲೇ ಖಿನ್ನನಾಗಿದ್ದವನು ಸಕಾಲದಲ್ಲಿ ಬೋರ್ಡೊ ದ್ರಾವಣ ಸಿಂಪಡಿಸಲಾರದೆ ಬೆಳೆ ಕಳೆದುಕೊಂಡಿರಬಹುದು. ಮಳೆಗೆ ಮುನ್ನ ಒಮ್ಮೆ, ಕೊಯ್ಲಿನ ನಂತರ ಇನ್ನೊಮ್ಮೆ ಅದೇ ಮನೆಗಳಿಗೆ ಹೋಗದಿದ್ದರೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತಿಳಿಯದು.

ಮರಳಿ ಹೋಗುವುದರ ಬೆಲೆಯನ್ನು ಅಮೆರಿಕದ ಮಾನವಶಾಸ್ತ್ರಜ್ಞೆ, ಮನೋವೈದ್ಯೆ ಹೆಲೆನ್ ಉಲ್ರಿಚ್ ತೋರಿಸಿದ್ದಾರೆ. 1964ರಿಂದ ದಶಕಗಳ ಕಾಲ ಮಲೆನಾಡಿನ ಹವ್ಯಕ ಹಳ್ಳಿಯೊಂದಕ್ಕೆ ಮತ್ತೆ ಮತ್ತೆ ಬಂದು, ಅಲ್ಲಿನ ಮಹಿಳೆಯರ ಶಿಕ್ಷಣ, ವಿವಾಹ, ಖಿನ್ನತೆಗಳನ್ನು ಅವರು ಗಮನಿಸಿದರು. ಅವರ ಗ್ರಂಥ 2017ರಲ್ಲಿ ಪ್ರಕಟವಾಯಿತು. ಊರಿಗೆ ಅವರಿತ್ತ ‘ತೋಟಗದ್ದೆ’ ಎಂಬ ಹೆಸರು ಕಲ್ಪಿತ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ ಗುಟ್ಟು ಕಾಯುವುದೂ ವಿನ್ಯಾಸದ ಭಾಗವೇ.

ಆದರೆ ಒಂದು ಸಮುದಾಯವನ್ನು ನೋಡಿ ಮೂರು ತಾಲ್ಲೂಕುಗಳ ಬಗ್ಗೆ ಹೇಳಲಾಗದು. ಅನೇಕ ಸಿದ್ದಿ ಕುಟುಂಬಗಳ ಮನೆಮಾತು ಕೊಂಕಣಿ, ಗೌಳಿಗರದು ಮರಾಠಿ. ಗ್ರಾಂಥಿಕ ಕನ್ನಡದಲ್ಲಿ ‘ಖಿನ್ನತೆ ಇದೆಯೇ’ ಎಂದರೆ ‘ಇಲ್ಲ’ ಎನ್ನುವಾಕೆ, ‘ತಲೆಬಿಸಿ ಇದೆಯಾ’ ಎಂದು ಕೇಳಿದರೆ ಮಾತಾಡಿಯಾಳು. ಅದೂ ಅತ್ತೆ, ಗಂಡ ಎದುರಿಗಿಲ್ಲದಾಗ.

ಎಷ್ಟು ವೈದ್ಯರು ಬೇಕು, ಯಾವ ಊರಿಗೆ ಬೇಕು ಎಂಬುದನ್ನು ಸರ್ಕಾರ ಅಂಕಿಅಂಶ ನೋಡಿಯೇ ನಿರ್ಧರಿಸುತ್ತದೆ. ಅಂಕಿ ತಪ್ಪಾದರೆ ನೆರವು ತಪ್ಪು ಬಾಗಿಲಿಗೆ ಹೋಗುತ್ತದೆ. ಒಂದೇ ದಿನದ ಶಿಬಿರಗಳನ್ನು ಲೆಕ್ಕ ಹಾಕುವ ಬದಲು, ಈ ಮೂರು ತಾಲ್ಲೂಕುಗಳಲ್ಲಿ ಆಯ್ದ ಮನೆಗಳನ್ನು ಕನಿಷ್ಠ ಐದು ವರ್ಷ ಅನುಸರಿಸುವ ಅಧ್ಯಯನಕ್ಕೆ ಸರ್ಕಾರ ಹಣ ನೀಡಲಿ. ಕೇಳಿಸಿಕೊಳ್ಳಲು ವ್ಯವಧಾನವಿಲ್ಲದವರಿಗೆ ಗುಣಪಡಿಸುವ ಯೋಜನೆ ರೂಪಿಸುವ ಅಧಿಕಾರವೂ ಇರಕೂಡದು.