ಚಿನ್ನಕ್ಕೆ ಟಂಕಸಾಲೆ, ಪುಡಿಗಾಸಿಗೆ ಕಿರಾಣಿ ಅಂಗಡಿ!

ಆಸ್ಟ್ರೇಲಿಯದ ಹಳೆಯ ಅಂಗಡಿ ಪೆನ್ನಿಗಳನ್ನು ನಾಣ್ಯ ಕೂಡಿಡುವ ಮಹನೀಯರು ಈಗ ಮಖಮಲ್ಲಿನ ಮೇಲಿಟ್ಟು ಮೆರೆಸುತ್ತಾರೆ. ಅದರ ಮೇಲಿನ ಕಾಂಗರೂ ಚಂದ, ಎಮು ಹಕ್ಕಿ ಚಂದ, ವ್ಯಾಪಾರಿಯ ಜಾಣತನವಂತೂ ಇನ್ನೂ ಚಂದವಂತೆ! ನಾವು ಕೇಳುವುದು ಬೇರೆ. ದೇಶದ ಪುಡಿಗಾಸನ್ನು ಅಂಗಡಿಯವನು ಹೊಡೆಸಬೇಕಾಗಿ ಬಂದದ್ದೇಕೆ?

ತನ್ನ ಹೆಸರು ಅಚ್ಚೊತ್ತಿದ ತಾಮ್ರದ ಬಿಲ್ಲೆಯನ್ನು ಪೆನ್ನಿಯ ಬದಲಿಗೆ ಅಲ್ಲಿ ಮೊದಲು ಹೊರಡಿಸಿದ್ದು ಮೆಲ್ಬೋರ್ನಿನ ಅನ್ನಂಡ್ ಸ್ಮಿತ್ ಎಂಬ ಕಿರಾಣಿ ಮಳಿಗೆ, 1849ರಲ್ಲಿ. ಲಂಡನ್ನಿನಿಂದ ಬರುತ್ತಿದ್ದ ತಾಮ್ರದ ಕಾಸು ಸಾಲುತ್ತಿರಲಿಲ್ಲ. 1851ರಲ್ಲಿ ಚಿನ್ನ ಸಿಕ್ಕಿ ಜನ ಮುಗಿಬಿದ್ದ ಮೇಲೆ ಕೇಳುವುದೇ ಬೇಡ. ಷಿಲ್ಲಿಂಗು ಮುಂದಿಟ್ಟು ಒಂದು ಪೆನ್ನಿಯ ಸಾಮಾನು ಕೇಳುವ ಗಿರಾಕಿಗೆ ಚಿಲ್ಲರೆ ಎಲ್ಲಿಂದ ತರುವುದು? ಗಲ್ಲಾಪೆಟ್ಟಿಗೆಯ ಮುಂದೆ ಕೂತ ನಮ್ಮ ಸಣ್ಣ ವ್ಯಾಪಾರಿಗಳಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಬಿಲ್ಲೆ ಹೊಡೆಸಿದವನನ್ನೆಲ್ಲ ಕಳ್ಳನೆಂದು ನಾವು ಕರೆಯುವುದೂ ಇಲ್ಲ.

ಆದರೆ ಸರಕಾರ? 1855ರಲ್ಲಿ ಸಿಡ್ನಿಯಲ್ಲಿ ಟಂಕಸಾಲೆ ತೆರೆಯಿತು. ಕೂಲಿಕಾರನ ಕಾಸಿಗಾಗಿಯೇ? ಅಲ್ಲ! ಅಲ್ಲಿ ಅಚ್ಚಾದದ್ದು ಚಿನ್ನದ ಸಾವರಿನ್ನು, ಅರ್ಧ ಸಾವರಿನ್ನು. ಚಿನ್ನಕ್ಕೆ ಯಂತ್ರ ಸಿಕ್ಕಿತು. ರೊಟ್ಟಿ ಕೊಳ್ಳುವ ಪೆನ್ನಿಗೆ ಸಿಗಲಿಲ್ಲ.

ಸರಕಾರ ಬಿಟ್ಟ ಈ ತೆರಪಿನಲ್ಲಿ ಯಾರು ಯಾರು ನುಗ್ಗಿದರು ನೋಡಿ. ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳು ಬಿಲ್ಲೆ ಅಚ್ಚುಹಾಕಿ ಹಡಗಿಗೆ ತುಂಬಿದವು. ಲಂಡನ್ನಿನ ಗುಳಿಗೆ ವ್ಯಾಪಾರಿ ಹಾಲೊವೇ, ತನ್ನನ್ನು ತಾನೇ ‘ಪ್ರೊಫೆಸರ್’ ಎಂದು ಕರೆದುಕೊಂಡ ಮಹಾಶಯ, ರಾಣಿಯ ತಲೆ ಇರಬೇಕಾದಲ್ಲಿ ತನ್ನ ತಲೆಯನ್ನೇ ಒತ್ತಿಸಿ 1857, 1858ರ ಪೆನ್ನಿಗಳನ್ನು ಹರಡಿದ. ದುಡಿಯುವ ಜನ ಅವನ ಜಾಹೀರಾತನ್ನು ಜೇಬಿನಲ್ಲಿ ಹೊತ್ತು ತಿರುಗಿದರು, ಅದೂ ಬಿಟ್ಟಿಯಾಗಿ.

ಹಲವು ಬಿಲ್ಲೆಗಳು ಸರಕಾರಿ ತಾಮ್ರದ ಪೆನ್ನಿಗಿಂತ ಹಗುರವಾಗಿದ್ದವು. ಲೋಹದ ಬೆಲೆಗೂ ಮುಖಬೆಲೆಗೂ ನಡುವಿನ ಅಂತರ ಹೊಡೆಸಿದವನ ಲಾಭ. ತೂಕವೊಂದೇ ದೊಡ್ಡದಲ್ಲ ಎನ್ನುತ್ತೀರಾ? ಒಪ್ಪಿದೆವು. 1860ರಲ್ಲಿ ಲಂಡನ್ ಸರಕಾರವೂ ತಾಮ್ರ ಬಿಟ್ಟು ಕಂಚು ಹಿಡಿದು ಪೆನ್ನಿಯ ತೂಕವನ್ನು ಸುಮಾರು ಅರ್ಧಕ್ಕೆ ಇಳಿಸಿತು. ಆದರೆ ಅದರ ಬೆನ್ನಿಗೆ ಖಜಾನೆಯಿತ್ತು. ಅಂಗಡಿ ಪೆನ್ನಿಯ ಬೆನ್ನಿಗೆ ಇದ್ದುದು ಅಂಗಡಿಯ ಬೋರ್ಡು! ಬಾಗಿಲು ಮುಚ್ಚಿದ ದಿನ ಬಿಲ್ಲೆ ಯಾರ ಕೈಯಲ್ಲಿತ್ತೋ, ನಷ್ಟವೂ ಅವನದೇ. ಸಾಹುಕಾರನ ಗಂಟು ಚಿನ್ನದಲ್ಲಿತ್ತು, ಅವನಿಗೇನು ಭಯ?

1863ರಲ್ಲಿ ವಿಕ್ಟೋರಿಯ, 1868ರಲ್ಲಿ ನ್ಯೂ ಸೌತ್ ವೇಲ್ಸ್ ಈ ಬಿಲ್ಲೆಗಳನ್ನು ನಿಷೇಧಿಸಿದವು. 1872ರಲ್ಲಿ ಮೆಲ್ಬೋರ್ನಿಗೂ ಟಂಕಸಾಲೆ ಬಂತು, ಅದೂ ಚಿನ್ನಕ್ಕಾಗಿಯೇ. ಆಸ್ಟ್ರೇಲಿಯದ ಹೆಸರು ಹೊತ್ತ ಪೆನ್ನಿ ಹೊರಟದ್ದು 1911ರಲ್ಲಿ; ಅದನ್ನು ಅಚ್ಚುಹಾಕಿದ್ದು ಲಂಡನ್ನಿನಲ್ಲಿ.