ಹಡಗಿನ ಪಕ್ಕೆಯ ಮೇಲೊಂದು ಗೆರೆ

ಪಣಂಬೂರಿನ ಬಂದರಿನಲ್ಲಿ ಸರಕಿನ ಹಡಗನ್ನು ಹತ್ತಿರದಿಂದ ಕಂಡವರು ಅದರ ಪಕ್ಕೆಯ ನಡುಭಾಗದಲ್ಲಿ ಒಂದು ಗುರುತನ್ನು ಗಮನಿಸಿರಬಹುದು. ಒಂದು ವೃತ್ತ, ಅದರ ನಡುವೆ ಅಡ್ಡಲಾಗಿ ಎಳೆದ ಗೆರೆ. ಸರಕು ಏರಿದಂತೆಲ್ಲ ಹಡಗು ನೀರಿಗೆ ಇಳಿಯುತ್ತದೆ. ಬೇಸಿಗೆಯ ಕಡಲಿನಲ್ಲಿ ನೀರು ಆ ಗೆರೆಯನ್ನು ಮುಟ್ಟಿತೆಂದರೆ ಮುಗಿಯಿತು, ಇನ್ನೊಂದು ಮೂಟೆಯನ್ನೂ ಹೇರುವಂತಿಲ್ಲ. ಪಕ್ಕದಲ್ಲಿರುವ ಪುಟ್ಟ ಗೆರೆಗಳು ಚಳಿಗಾಲದ ಕಡಲಿಗೆ, ಉಷ್ಣವಲಯಕ್ಕೆ, ಸಿಹಿನೀರಿಗೆ. ಇದಕ್ಕೆ ಪ್ಲಿಮ್‌ಸಾಲ್ ಗೆರೆ ಎಂದು ಹೆಸರು. ಆ ಪ್ಲಿಮ್‌ಸಾಲ್ ನಾವಿಕನಲ್ಲ, ಕಲ್ಲಿದ್ದಲು ವ್ಯಾಪಾರಿ!

ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಹುಟ್ಟಿದ್ದು 1824ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ. ಶೆಫೀಲ್ಡಿನ ಬಿಯರ್ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿ ಸೇರಿ ಮ್ಯಾನೇಜರ್ ಆದ. 1853ರಲ್ಲಿ ಲಂಡನ್ನಿಗೆ ಬಂದು ಕಲ್ಲಿದ್ದಲು ವ್ಯಾಪಾರಕ್ಕೆ ಕೈಹಾಕಿದ. ಎರಡೇ ವರ್ಷದಲ್ಲಿ ಎಲ್ಲವೂ ಮುಳುಗಿತು. ಕೂಲಿಕಾರರು ತಂಗುವ ವಸತಿಗೃಹದಲ್ಲಿ, ವಾರಕ್ಕೆ ಎಂಟು ಷಿಲಿಂಗೂ ತುಂಬದ ಹಣದಲ್ಲಿ ದಿನ ದೂಡಿದ. ಮುಂದೆ ವ್ಯಾಪಾರ ಕುದುರಿತು, ಹಣ ಬಂತು. 1868ರಲ್ಲಿ ಡರ್ಬಿಯಿಂದ ಆರಿಸಿಬಂದು ಪಾರ್ಲಿಮೆಂಟಿನಲ್ಲಿ ಕೂತ. ದುಡ್ಡು ಕಂಡವರು ಹಳೆಯ ಹಸಿವನ್ನು ಮರೆಯುವುದೇ ವಾಡಿಕೆ. ಈತ ಮರೆಯಲಿಲ್ಲ.

ವ್ಯಾಪಾರಿಯಾದ್ದರಿಂದ ಅವನಿಗೆ ಲೆಕ್ಕದ ಒಳಗುಟ್ಟು ತಿಳಿಯುತ್ತಿತ್ತು. ಲಡ್ಡು ಹಿಡಿದ ಹಡಗಿಗೆ ಅದರ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿ, ಕಂಠಮಟ್ಟ ಸರಕು ತುಂಬಿ ಕಳಿಸಿದರಾಯಿತು. ದಡ ಸೇರಿದರೆ ಬಾಡಿಗೆ, ಮುಳುಗಿದರೆ ವಿಮೆ. ಜನ ಅವನ್ನು ಶವಪೆಟ್ಟಿಗೆ ಹಡಗು ಎಂದೇ ಕರೆಯುತ್ತಿದ್ದರು. ಕರಾರಿಗೆ ಸಹಿ ಹಾಕಿದ ನಾವಿಕ ಆಮೇಲೆ ಹಡಗು ನೋಡಿ ಹೆದರಿ ಹತ್ತಲಾರೆ ಎಂದರೆ ಜೈಲು! ಗೆರೆಯ ಯೋಚನೆ ಪ್ಲಿಮ್‌ಸಾಲನದೇ ಅಲ್ಲ. ನ್ಯೂಕ್ಯಾಸಲ್‌ನ ಜೇಮ್ಸ್ ಹಾಲ್ ಎಂಬ ಹಡಗು ಮಾಲೀಕ ಅದನ್ನು ಮೊದಲೇ ಹೇಳಿದ್ದ. ಪ್ಲಿಮ್‌ಸಾಲ್ ಅದನ್ನು ಹಟದಿಂದ ಹಿಡಿದುಕೊಂಡ, ಪುಸ್ತಕ ಬರೆದ, ಮಾನನಷ್ಟ ಮೊಕದ್ದಮೆಗಳನ್ನು ಎದುರಿಸಿದ.

1875ರ ಜುಲೈ 22ರಂದು ಪ್ರಧಾನಿ ಡಿಸ್ರೇಲಿ ಹಡಗು ಮಸೂದೆಯನ್ನು ಕೈಬಿಡುವುದಾಗಿ ಸದನದಲ್ಲಿ ಹೇಳಿದ. ಪ್ಲಿಮ್‌ಸಾಲ್ ಎದ್ದು ಮುಷ್ಟಿ ಬಿಗಿದು, ನಾವಿಕರನ್ನು ಸಾವಿಗೆ ಕಳಿಸುವ ನೀಚರೆಂದು ಕೂಗಾಡಿದ. ಸಭಾಮರ್ಯಾದೆ ಮೀರಿದ್ದಕ್ಕೆ ವಾರದ ನಂತರ ಕ್ಷಮೆ ಕೇಳಿದ್ದೂ ಉಂಟು. ಆದರೆ ಅಷ್ಟರಲ್ಲಿ ಊರೂರಿನ ಜನ ಅವನ ಬೆನ್ನಿಗೆ ನಿಂತಿದ್ದರು. ಮರುವರ್ಷವೇ ಹಡಗಿಗೆ ಗೆರೆ ಕಡ್ಡಾಯವಾಯಿತು.

ಕಾಯಿದೆಯಲ್ಲಿ ಒಂದು ತಮಾಷೆ ಉಳಿದಿತ್ತು. ಗೆರೆ ಇರಬೇಕು, ಎಲ್ಲಿರಬೇಕು ಎಂಬುದು ಮಾಲೀಕನ ಇಷ್ಟ! ಕಾರ್ಡಿಫ್‌ನಲ್ಲೊಬ್ಬ ಕಪ್ತಾನ ಅದನ್ನು ಹೊಗೆಕೊಳವೆಯ ಮೇಲೆ ಬಳಿಸಿದನಂತೆ. ಗೆರೆಯ ಜಾಗವನ್ನು ಸರಕಾರವೇ ನಿಗದಿ ಮಾಡುವ ಕಾಯಿದೆ ಬರಲು 1890 ಆಗಬೇಕಾಯಿತು. ಈ ನಡುವಿನ ಹದಿನಾಲ್ಕು ವರ್ಷ ನಾವಿಕರ ಜೀವ ಮಾಲೀಕನ ದಯೆಯಲ್ಲೇ ಇತ್ತು. ಪ್ಲಿಮ್‌ಸಾಲ್ ಅಷ್ಟು ಹೊತ್ತಿಗೆ ಪಾರ್ಲಿಮೆಂಟಿನಲ್ಲಿರಲಿಲ್ಲ. 1880ರಲ್ಲೇ ತನ್ನ ಸ್ಥಾನವನ್ನು ಬೇರೆಡೆ ಸೋತಿದ್ದ ಸ್ವಪಕ್ಷದ ಹಾರ್‌ಕೋರ್ಟ್‌ಗೆ ಬಿಟ್ಟುಕೊಟ್ಟಿದ್ದ. 1898ರಲ್ಲಿ ತೀರಿಕೊಂಡ.

ಇಂಗ್ಲೆಂಡಿನಲ್ಲಿ ಮಕ್ಕಳು ಆಟಕ್ಕೆ ಹಾಕುವ ಕ್ಯಾನ್ವಾಸ್ ಬೂಟಿಗೂ ಪ್ಲಿಮ್‌ಸಾಲ್ ಎನ್ನುತ್ತಾರೆ. ಅದರ ಸುತ್ತ ರಬ್ಬರಿನ ಪಟ್ಟಿಯೊಂದು ಇರುತ್ತದಲ್ಲ, ನೀರು ಅದನ್ನು ದಾಟಿದರೆ ಕಾಲು ಒದ್ದೆ.