ಅಂಗೈಯಗಲದ ಗಣಕಕ್ಕೆ ಅಂಬಾರಿಯೇಕೆ?

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನು ಕೊಂಡ ಹಳೆಯ ವಿದ್ಯಾರ್ಥಿಗಳು ಕೇಳುವ ಮೊದಲ ಪ್ರಶ್ನೆ, “ಸರ್, ಇದಕ್ಕೆ ವಿಂಡೋಸ್ ಹಾಕಬಹುದೇ?” ಎರಡನೆಯದು, “ಹಾಗಾದರೆ ನೋಡಲು ಚೆಂದವಾಗಿರುವುದು ಯಾವುದು?” ಇವೆರಡೂ ಕೇಳಬಾರದ ಪ್ರಶ್ನೆಗಳೆಂಬುದು ನನ್ನ ಖಚಿತ ಅಭಿಪ್ರಾಯ.

ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲೆಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರೂಪುಗೊಂಡ ಈ ಗಣಕ ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು. ಆಗ ಅದರ ಬೆಲೆ 35 ಡಾಲರ್, ಮೆಮೊರಿ ಬರೀ 256 ಎಂಬಿ. 2015ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆಂದು ಬಿಟ್ಟ ವಿಂಡೋಸ್ 10 ಐಒಟಿ ಕೋರ್‌ನಲ್ಲಿ ನಮಗೆ ಪರಿಚಿತವಾದ ಡೆಸ್ಕ್‌ಟಾಪ್ ಇರಲೇ ಇಲ್ಲ. ಉತ್ಸಾಹಿಗಳು ಹೇಗೋ ಪೂರ್ಣ ವಿಂಡೋಸನ್ನು ಕೂರಿಸುವುದುಂಟು. ಕೂರಿಸಲಿ, ಅದು ಅವರ ಹವ್ಯಾಸ. ಶಾಲೆಯ ಮಕ್ಕಳ ಮುಂದಿಡುವ ಯಂತ್ರಕ್ಕೆ ಆ ಸರ್ಕಸ್ ಸಲ್ಲದು.

ಇನ್ನು ಚೆಂದದ ಮಾತು. 2020ರ ಅಕ್ಟೋಬರಿನಲ್ಲಿ ಉಬುಂಟು ತನ್ನ ಪೂರ್ಣ ಡೆಸ್ಕ್‌ಟಾಪನ್ನು ಪೈ 4ಕ್ಕೆ ತಂದಿತು. ಅದಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಬೇಕೆಂದು ಅವರೇ ಹೇಳಿದ್ದರು. ಆದರೂ 2 ಜಿಬಿ ಬೋರ್ಡಿಗೆ, 1 ಜಿಬಿಯ ಪೈ 3ಕ್ಕೆ ಅದನ್ನೇ ತುರುಕಿ, “ಈ ಗಣಕವೇ ನಿಧಾನ” ಎಂದು ದೂರುವವರನ್ನು ಕಂಡರೆ ನಗುವುದೋ ಅಳುವುದೋ ತಿಳಿಯದು. ಮೆಮೊರಿ ತುಂಬಿದಾಗ ವ್ಯವಸ್ಥೆಯು ಉಗುರಿನಷ್ಟಗಲದ ಎಸ್‌ಡಿ ಕಾರ್ಡಿನ ಮೊರೆಹೋಗುತ್ತದೆ. ಕಾರ್ಡು ನಿಧಾನ, ಪದೇ ಪದೇ ಬರೆದರೆ ಸವೆಯುವುದೂ ಹೌದು. ಬೋರ್ಡಿನ ತಪ್ಪೇನು? ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲವೇ? 8 ಜಿಬಿಯ ಪೈ 5 ಕೊಂಡು ಫ್ಯಾನ್ ಜೋಡಿಸಿದವರು ಉಬುಂಟುವನ್ನೇ ಬಳಸಲಿ, ತಕರಾರಿಲ್ಲ. ಚಂದಾ ಎತ್ತಿ ಹತ್ತು ಬೋರ್ಡು ಕೊಳ್ಳುವ ಹಳ್ಳಿಯ ಶಾಲೆಗೆ ಆ ಮಾತು ಅನ್ವಯಿಸದು.

ಅಂಥವರಿಗೆ ನನ್ನ ಆಯ್ಕೆ ರಾಸ್ಪ್‌ಬೆರಿ ಪೈ ಓಎಸ್, 2020ರವರೆಗೆ ರಾಸ್ಪ್‌ಬಿಯನ್ ಎನಿಸಿಕೊಂಡಿದ್ದದ್ದು. ಡೆಬಿಯನ್ ಎಂಬ ಹಳೆಯ, ಗಟ್ಟಿಯಾದ ಲಿನಕ್ಸ್ ಬುನಾದಿಯ ಮೇಲೆ ನಿಂತಿರುವ ಇದರ ಡೆಸ್ಕ್‌ಟಾಪ್ ಹಗುರ. 1 ಜಿಬಿ ಬೋರ್ಡಾದರೆ 32 ಬಿಟ್‌ನ ಆವೃತ್ತಿಯೇ ಸಾಕು. ಇದೂ ನಿಷ್ಕಳಂಕವೇನಲ್ಲ. 2021ರ ಆರಂಭದಲ್ಲಿ, ಬಳಕೆದಾರರನ್ನು ಒಂದು ಮಾತೂ ಕೇಳದೆ ಮೈಕ್ರೋಸಾಫ್ಟ್‌ನ ತಂತ್ರಾಂಶ ಭಂಡಾರದ ವಿಳಾಸವನ್ನು ಇದರೊಳಗೆ ಸೇರಿಸಿದ್ದು ಅಕ್ಷಮ್ಯ. ಅದನ್ನು ಖಂಡಿಸಿಯೂ ಇದನ್ನೇ ಸೂಚಿಸುತ್ತೇನೆ. ಮಗುವಿನ ಕೈಯಲ್ಲಿ ಓಡುವ ಯಂತ್ರ ಮುಖ್ಯ.

“ನುಡಿ ಬೇಕಲ್ಲ, ಅದಕ್ಕೇ ವಿಂಡೋಸ್” ಎಂಬುದು ಕೊನೆಯ ವಾದ. ವಿಂಡೋಸ್‌ಗಾಗಿ ಬರೆದ ನುಡಿ ಇಂಟೆಲ್ ಮಾದರಿಯ ಪ್ರೊಸೆಸರಿಗೆ ಸಿದ್ಧವಾದದ್ದು; ಪೈನಲ್ಲಿರುವುದು ಆರ್ಮ್. ನಮಗೆ ಬೇಕಾದ್ದು ಆ ಕೀಲಿಮಣೆಯ ವಿನ್ಯಾಸ ತಾನೆ? ಅದು ಡೆಬಿಯನ್ ಭಂಡಾರದಲ್ಲೇ ಐಬಸ್ ಮತ್ತು ಎಂ17ಎನ್ ಮೂಲಕ ಲಭ್ಯ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಅಲ್ಲಿವೆ. ಅನುಸ್ಥಾಪಿಸಿದ ದಿನವೇ ಇವನ್ನು ಸೇರಿಸಿ, ವಾಲ್‌ಪೇಪರ್ ಬದಲಿಸುವ ಮೊದಲು “ಸ್ತ್ರೀ”, “ಅರ್ಘ್ಯ”, “ರಾಷ್ಟ್ರ” ಎಂದು ಕೀಲಿಸಿ, ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ನೋಡಿ.